ಸೇದದ ಸಿಗರೇಟು

ನಾನು ಸಿಗರೇಟು ಬಿಟ್ಟದ್ದು ಒಂದೇ ಸಲ. ನಮ್ಮ ಮನೆಯಲ್ಲಿ ಕೇಳಿದರೆ ಎರಡು ಸಲ ಎನ್ನುತ್ತಾರೆ. ಮೊದಲನೆಯ ಸಲ ಬಿಟ್ಟಂತೆ ನಾಟಕ ಮಾಡಿದೆನಂತೆ, ಕದ್ದು ಸೇದಿದೆನಂತೆ, ಸಿಕ್ಕಿಬಿದ್ದ ಮೇಲೆ ನಿಜವಾಗಿ ಬಿಟ್ಟೆನಂತೆ. ಬೀಗರು ಬಂದು ನನ್ನ ಇಳಿದ ಮೈ ನೋಡಿ ಬೆರಗಾದಾಗಲೆಲ್ಲ ಹೆಂಡತಿ ಈ ಕಥೆಯನ್ನು ನನ್ನ ಎದುರಿಗೇ ನಗುತ್ತ ಹೇಳುತ್ತಾಳೆ. ನಾನೂ ನಗುತ್ತೇನೆ. ಡಾಕ್ಟರು ನನ್ನ ಹೊಟ್ಟೆಯ ಚೀಲದ ಬಹುಪಾಲನ್ನು ಕತ್ತರಿಸಿ ತೆಗೆದಿದ್ದಾರೆ, ಆದರೆ ಆ ಕಥೆ ಕೇಳಿದಾಗ ಉರಿಯುವಷ್ಟು ಇನ್ನೂ ಉಳಿದಿದೆ. ನಾನು ಬರೆದದ್ದನ್ನು ನಮ್ಮ ಮನೆಯಲ್ಲಿ ಯಾರೂ ಓದುವುದಿಲ್ಲ. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಾನು ಬಸ್ ಕಂಡಕ್ಟರ್. ನೌಕರಿಯ ಹೆಚ್ಚಿನ ಕಾಲ ಗದಗಿನಿಂದ ಶಿರಹಟ್ಟಿ, ಲಕ್ಷ್ಮೇಶ್ವರದ ದಾರಿಯಲ್ಲಿ ಕಳೆಯಿತು. ಬೆಳಿಗ್ಗೆ ಬೆಟಗೇರಿಯ ಮನೆಯಿಂದ ಹೊರಟರೆ ಪ್ರತಿ ನಿಲ್ದಾಣದಲ್ಲಿ ಚಹಾ, ಚಹಾದ ಜೊತೆ ಮಿರ್ಚಿ, ಮಿರ್ಚಿಯ ಮೇಲೆ ಸಿಗರೇಟು. ಡ್ರೈವರ್ ಕೂಡ ಅದನ್ನೇ ತಿಂದು ಅದನ್ನೇ ಸೇದುತ್ತಿದ್ದ, ಅವನು ಕಡ್ಡಿಯಂತೆ ಉಳಿದ. ನಾನು ವರ್ಷ ವರ್ಷ ಊದುತ್ತ ಹೋದೆ. ಸಮವಸ್ತ್ರವನ್ನು ಬಿಚ್ಚಿ ಹೊಲಿಯುವಷ್ಟು ಬಟ್ಟೆ ಒಳಗೆ ಉಳಿಯದಂತಾದಾಗ ದರ್ಜಿ ಪಕ್ಕದಲ್ಲಿ ಬೇರೆ ಖಾಕಿ ಪಟ್ಟಿ ಕೂಡಿಸಿಕೊಟ್ಟ. ಆ ಖಾಕಿಗೂ ಈ ಖಾಕಿಗೂ ಬಣ್ಣ ಹೊಂದಲಿಲ್ಲ.

ಲಕ್ಷ್ಮೇಶ್ವರದ ಸಂತೆಯ ದಿನ ಒಮ್ಮೆ ಬಸ್ಸು ತುಂಬಿ ತುಳುಕುತ್ತಿತ್ತು. ಹಿಂದಿನ ಬಾಗಿಲ ಹತ್ತಿರದ ಕಂಬಕ್ಕೂ ಸೀಟಿಗೂ ನಡುವೆ ನಾನು ಸಿಕ್ಕಿಕೊಂಡೆ. ಮುಂದೆ ಹೋಗಲಾರೆ, ಹಿಂದೆ ಬರಲಾರೆ. ಕಾಲ ಬಳಿ ಮೆಣಸಿನಕಾಯಿ ಗಂಟು ಇಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಯಪ್ಪಾ ಕಂಡಕ್ಟರಾ, ನಿನಗ ನೀನ ಎರಡ ಟಿಕೇಟ ಹರ್ಕೋಬೇಕಲ್ಲೋ!" ಎಂದಳು.

ಬಸ್ಸೆಲ್ಲ ನಕ್ಕಿತು. ಡ್ರೈವರ್ ಗಾಡಿ ನಿಲ್ಲಿಸಿದ, ಇಬ್ಬರು ಹೆಗಲು ಹಿಡಿದು ಎಳೆದರು, ಅಂಗಿಯ ಗುಂಡಿ ಹಾರಿ ಯಾರದೋ ಮಡಿಲಿಗೆ ಬಿತ್ತು. ನಾನೂ ನಕ್ಕೆ. ದಪ್ಪಗಿರುವವರು ಮೊದಲು ಕಲಿಯುವ ವಿದ್ಯೆ ಅದು, ಎಲ್ಲರಿಗಿಂತ ಮೊದಲು ತಾವೇ ನಗುವುದು. ಆ ಸುದ್ದಿ ನನಗಿಂತ ಮುಂಚೆ ಡಿಪೋ ಮುಟ್ಟಿತ್ತು. ಸ್ವಲ್ಪ ದಿನಕ್ಕೆ ಸಾಹೇಬರು ನನ್ನನ್ನು ಬಸ್ಸಿನಿಂದ ಇಳಿಸಿ ಗದಗಿನ ನಿಲ್ದಾಣದ ಕಂಟ್ರೋಲ್ ರೂಮಿನಲ್ಲಿ ಮೈಕಿನ ಮುಂದೆ ಕೂಡಿಸಿದರು. ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ, ಯಾವ ಅಂಕಣದಲ್ಲಿ ನಿಂತಿದೆ ಎಂದು ಹೇಳುವ ಕೆಲಸ. ಅಂತೂರ ಬೆಂತೂರ, ನಾಗಾವಿ, ಮುಂಡರಗಿ, ಎಲ್ಲ ಊರುಗಳಿಗೂ ಜನರನ್ನು ಕಳಿಸುತ್ತ ನಾನು ಮಾತ್ರ ಕುರ್ಚಿಯಲ್ಲಿ ಉಳಿದೆ.

ಕೂತ ಮೇಲೆ ಮೈ ಇನ್ನೂ ಬಂತು. ಸಕ್ಕರೆ ಕಾಯಿಲೆ ಬಂತು, ಬಿ.ಪಿ. ಬಂತು, ಮೊಣಕಾಲು ಹೋದವು. ನೆಲದ ಮೇಲೆ ಊಟಕ್ಕೆ ಕೂತರೆ ಏಳಿಸಲು ಇಬ್ಬರು ಬೇಕಾಗುತ್ತಿದ್ದರು. ಮದುವೆ ಮನೆಗಳಲ್ಲಿ ಪಂಕ್ತಿ ಬಿಟ್ಟು ಗೋಡೆಗೆ ಒರಗಿ ನಿಂತು ಉಣ್ಣುತ್ತಿದ್ದೆ. ಮಲಗಿದರೆ ಉಸಿರು ಮಧ್ಯದಲ್ಲಿ ನಿಂತು ಹೋಗುತ್ತಿತ್ತಂತೆ. ಹೆಂಡತಿ ಪಕ್ಕದಲ್ಲಿ ಎದ್ದು ಕೂತು ಅದು ಮತ್ತೆ ಶುರುವಾಗುವುದನ್ನು ಕಾಯುತ್ತಿದ್ದಳು. ಆಕೆಯ ಅಪ್ಪ ಬೀಡಿ ಸೇದಿ ಸೇದಿ, ಕೆಮ್ಮಿ ಕೆಮ್ಮಿ, ಇನ್ನೂ ಗಟ್ಟಿಯಾಗಿರಬೇಕಾದ ವಯಸ್ಸಿನಲ್ಲಿ ಹೋದವರು. ಆಕೆಗೆ ಉಸಿರಿನ ಸಪ್ಪಳದ ಭಯ ತವರುಮನೆಯಿಂದಲೇ ಬಂದಿತ್ತು.

ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಬಗ್ಗೆ ಪತ್ತೆ ಹಚ್ಚಿದವಳೂ ಆಕೆಯೇ. ಗದಗಿನ ಒಂದು ಖಾಸಗಿ ಆಸ್ಪತ್ರೆಗೆ ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಒಬ್ಬ ಸರ್ಜನ್ ಬರುತ್ತಿದ್ದರು. ನಗುವೇ ಇಲ್ಲದ ಮನುಷ್ಯ. ನನ್ನನ್ನು ತೂಗಿಸಿದರು, ಒತ್ತಿ ನೋಡಿದರು, ಕಾಗದಗಳನ್ನು ತಿರುವಿದರು. ಆಮೇಲೆ ಪೆನ್ನು ಕೆಳಗಿಟ್ಟು ಹೇಳಿದರು.

"ನೋಡ್ರಿ, ಆಪರೇಷನ್ ಮಾಡಬಹುದು. ಮಾಡಿದ್ರ ನೀವು ನಡದಾಡ್ತೀರಿ, ಮಾಡದಿದ್ರ ಎಷ್ಟ ದಿನ ಅಂತ ನಾ ಹೇಳಂಗಿಲ್ಲ. ಆದ್ರ ಒಂದು ಕಂಡೀಷನ್. ಸಿಗರೇಟು, ಬೀಡಿ, ಗುಟ್ಕಾ, ಎಲಿಯಡಿಕಿ ತಂಬಾಕು, ಎಲ್ಲಾ ಬಂದ್. ಬಿಡದಿದ್ರ ಒಳಗ ಹೊಲಗಿ ಹಾಕಿದ್ದು ಕೂಡಂಗಿಲ್ಲ, ಸೋರಾಕ ಹತ್ತಿದ್ರ ಜೀವಕ್ಕ ಕುತ್ತು. ಎರಡ ತಿಂಗಳ ಬಿಟ್ಟು ಬರ್ರಿ. ಮೂತ್ರ ಪರೀಕ್ಷಾ ಮಾಡ್ತೀವಿ. ಅದರಾಗ ಸುಳ್ಳ ನಡೆಯಂಗಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು, "ಡಾಕ್ಟ್ರ, ಇವರ ಜವಾಬ್ದಾರಿ ನಂದು. ಒಂದ ಸಿಗರೇಟ ಮುಟ್ಟಿದ್ರ ನನ್ನ ಕೇಳ್ರಿ."

ಡಾಕ್ಟರು ಆಕೆಯನ್ನು ನೋಡಿ ತಲೆ ಅಲ್ಲಾಡಿಸಿದರು. ನನ್ನ ಮಾತು ಅವರಿಗೆ ಬೇಕಾಗಿರಲಿಲ್ಲ.

ಸುದ್ದಿ ಹಬ್ಬಿದ ಕೂಡಲೇ ಬಂಧುಗಳೆಲ್ಲ ವೈದ್ಯರಾದರು. "ಎರಡ ರೊಟ್ಟಿ ಕಮ್ಮಿ ತಿಂದ್ರ ಆತಪಾ, ಹೊಟ್ಟಿ ಯಾಕ ಕೊಯ್ಸಕೋಬೇಕು?" ಎಂದು ಕೇಳದವರಿಲ್ಲ. ಇವರೇ ಹಬ್ಬದ ದಿನ ನಾನು ಇನ್ನೊಂದು ಹೋಳಿಗೆ ಬೇಡವೆಂದರೆ "ನಮ್ಮ ಮನಿ ಊಟ ಸೇರಲಿಲ್ಲೇನು?" ಎಂದು ಮುಖ ಸಣ್ಣದು ಮಾಡಿ ಎಲೆಗೆ ಹಾಕುತ್ತಿದ್ದವರು. ಒಬ್ಬರ ಬಾಯಿಯನ್ನೂ ನಾನು ಮುಚ್ಚಿಸಲಿಲ್ಲ. ಇದೊಂದು ಮುಗಿಯಲಿ, ಆಮೇಲೆ ಅವರ ಮನೆಯ ನೆಲದ ಮೇಲೆ ಪಂಕ್ತಿಯಲ್ಲಿ ಕೂತು, ಒಂದೇ ತುತ್ತು ಉಂಡು, ಯಾರ ಕೈಯನ್ನೂ ಹಿಡಿಯದೆ ಎದ್ದು ತೋರಿಸುತ್ತೇನೆ ಎಂದುಕೊಂಡೆ.

ಸಿಗರೇಟು ಅಂದೇ ಬಿಟ್ಟೆ. ಕಂಟ್ರೋಲ್ ರೂಮಿನ ಹಿಂದಿನ ಗೋಡೆಗೆ ಒರಗಿ ಸೇದುತ್ತಿದ್ದ ಜಾಗಕ್ಕೆ ಹೋಗುವುದನ್ನೇ ಬಿಟ್ಟೆ. ಜೇಬಿನಲ್ಲಿ ಏಲಕ್ಕಿ, ಬಡೀಸೋಪು. ಮೊದಲ ದಿನಗಳು ನರಕವೇ. ಕೈ ತಾನಾಗಿಯೇ ಜೇಬಿಗೆ ಹೋಗುತ್ತಿತ್ತು. ಮೈಕಿನಲ್ಲಿ ಹುಲಕೋಟಿಯ ಬಸ್ಸಿಗೆ ಶಿರಹಟ್ಟಿ ಎಂದು ಹೇಳಿ ಬೈಸಿಕೊಂಡೆ. ಹಳೆಯ ಗೆಳೆಯರಾದ ಡ್ರೈವರುಗಳು ಬೇಕೆಂದೇ ನನ್ನ ಕಿಟಕಿಯ ಮುಂದೆ ನಿಂತು ಸೇದಿ, "ಒಂದ ಜುರಕಿ ಹೊಡಿಯಲೇ, ಹೆಂಡ್ತಿಗೆ ಹೇಳಂಗಿಲ್ಲ" ಎಂದು ಹಲ್ಲು ಕಿರಿಯುತ್ತಿದ್ದರು. ಅವರಿಗೆ ಅದು ತಮಾಷೆ. ಸಂಜೆ ಮನೆಯ ಬಾಗಿಲಲ್ಲಿ ಹೆಂಡತಿ ನನ್ನ ಅಂಗಿ, ಬೆರಳು, ಬಾಯಿ, ಎಲ್ಲವನ್ನೂ ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದಳು.

ಇಲ್ಲಿ ನಮ್ಮ ಅಕ್ಕನ ವಿಷಯ ಹೇಳಬೇಕು. ತಾಯಿ ಬೇಗ ಹೋದದ್ದರಿಂದ ನನ್ನನ್ನು ಎತ್ತಿ ಆಡಿಸಿದವಳು ಈಕೆಯೇ. ಶಿರಹಟ್ಟಿಗೆ ಮದುವೆ ಮಾಡಿ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಗಂಡ ತೀರಿದ ಮೇಲೆ ಮೈದುನರು "ಇನ್ನ ನಿಂದೇನೈತಿ ಇಲ್ಲಿ?" ಎಂದು ಕೇಳಿದರಂತೆ. ಒಂದು ಟ್ರಂಕು ಹಿಡಿದುಕೊಂಡು ನನ್ನದೇ ಬಸ್ಸಿನಲ್ಲಿ ಬೆಟಗೇರಿಗೆ ಬಂದಳು. ಆಗಿನಿಂದ ನಮ್ಮ ಮನೆಯಲ್ಲಿದ್ದಾಳೆ. ನನ್ನ ಹೆಂಡತಿ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಹೆಂಡತಿ ಬಡಿಯುತ್ತಾಳೆ, ಅಕ್ಕ ಹಂಚಿನ ಮುಂದೆ ಕೂತು ಬೇಯಿಸುತ್ತಾಳೆ. ಇಬ್ಬರ ನಡುವೆ ಜಗಳವಿಲ್ಲ. ಆದರೆ ಆ ಮನೆಯಲ್ಲಿ ಹುಕುಂ ಯಾರದು ಎಂಬುದು ಅಕ್ಕನಿಗೆ ಚೆನ್ನಾಗಿ ಗೊತ್ತು. ರೊಟ್ಟಿಯೊಂದು ಸೀದು ಹೋದರೆ ತನ್ನ ತಾಟಿಗೆ ತಾನೇ ಹಾಕಿಕೊಳ್ಳುತ್ತಿದ್ದಳು.

ಅಕ್ಕನಿಗೆ ಒಂದೇ ಚಟ, ತಪಕೀರು. ಮದುವೆಯಾದ ಹೊಸತರಲ್ಲಿ ಹಲ್ಲುನೋವಿಗೆಂದು ಅತ್ತೆಯೇ ಹಚ್ಚಿಕೊಟ್ಟದ್ದಂತೆ. ಬೆಳಿಗ್ಗೆ ಎದ್ದು, ಉಂಡ ಮೇಲೆ, ಚಹಾ ಕುಡಿದ ಮೇಲೆ, ಬೆರಳ ತುದಿಯಲ್ಲಿ ಆ ಕಂದು ಪುಡಿಯನ್ನು ತೆಗೆದು ಒಸಡಿಗೆ ತಿಕ್ಕಿ ಸ್ವಲ್ಪ ಹೊತ್ತು ಬಾಯಿ ಮುಚ್ಚಿ ಕೂಡುವುದು. ಅಂಗಡಿಯಿಂದ ಕಾಗದದ ಪುಡಿಕೆಯಲ್ಲಿ ತರಿಸಿ ಡಬ್ಬಿಗೆ ಸುರುವಿಕೊಳ್ಳುತ್ತಿದ್ದಳು. ನಮ್ಮ ಕಡೆ ಅದಕ್ಕೆ ಯಾರೂ ಚಟ ಎನ್ನುವುದೂ ಇಲ್ಲ. ಸೇದುವುದು ಗಂಡಸರ ಕೆಟ್ಟ ಚಾಳಿ. ತಪಕೀರು ಮಾತ್ರ ವಯಸ್ಸಾದ ಹೆಂಗಸರ ಹಲ್ಲಿನ ಪುಡಿ, ಔಷಧಿ, ಹೊತ್ತು ಕಳೆಯುವ ದಾರಿ.

ಸಿಗರೇಟು ಬಿಟ್ಟ ಮೇಲೆ ನನ್ನ ಒಸಡು ಬಾತುಕೊಂಡವು. ತಲೆ ಸಿಡಿಯುತ್ತಿತ್ತು. ಒಂದು ಮಧ್ಯಾಹ್ನ ರಜೆಯ ದಿನ ನಾನು ದವಡೆ ಹಿಡಿದುಕೊಂಡು ಮಂಚದ ಮೇಲೆ ಕೂತಿದ್ದೆ. ಹೆಂಡತಿ ಖಾನಾವಳಿಗೆ ರೊಟ್ಟಿ ಕೊಡಲು ಹೋಗಿದ್ದಳು. ಅಕ್ಕ ಬಂದು ಪಕ್ಕದಲ್ಲಿ ಕೂತಳು.

"ಬ್ಯಾನಿ ಆಕ್ಕೈತೇನು ತಮ್ಮಾ? ಬಾಯಿ ತಗಿ, ಇಷ್ಟ ತಪಕೀರ ಹಚ್ತೀನಿ. ಹಲ್ಲು ಜುಮ್ ಅಂತೈತಿ, ಆಮ್ಯಾಲ ತಣ್ಣಗಾಕ್ಕೈತಿ."

ಬಾಯಿ ತೆರೆದೆ. ಚಿಕ್ಕಂದಿನಲ್ಲಿ ಬೆಲ್ಲ ಇಡುತ್ತಿದ್ದ ಬೆರಳಿನಿಂದಲೇ ಆಕೆ ಒಸಡಿಗೆ ತಿಕ್ಕಿದಳು. ಮೊದಲು ಉರಿಯಿತು, ತಲೆ ತಿರುಗಿದಂತಾಯಿತು, ಆಮೇಲೆ ಎಷ್ಟೋ ದಿನಗಳಿಂದ ಬಿಗಿದುಕೊಂಡಿದ್ದ ಮೈಯೆಲ್ಲ ಸಡಿಲಾಯಿತು. ಆ ದಿನ ಮಧ್ಯಾಹ್ನ ಸುಖವಾಗಿ ನಿದ್ದೆ ಬಂತು.

ಅಲ್ಲಿಂದ ಅದು ರೂಢಿಯಾಯಿತು. ಡ್ಯೂಟಿಗೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ, ಊಟವಾದ ಮೇಲೆ ಒಮ್ಮೆ. ಚಿಕ್ಕ ಪುಡಿಕೆಯೊಂದು ನನ್ನ ಪ್ಯಾಂಟಿನ ಜೇಬಿಗೂ ಬಂತು. ತಂಬಾಕಿನಿಂದ ಆದದ್ದು ಎಂದು ಗೊತ್ತಿರಲಿಲ್ಲವೆ ಎಂದು ಈಗ ನೀವು ಕೇಳಬಹುದು. ಗಂಡಸಾಗಿ, ನೌಕರಿಯವನಾಗಿ, ದಿನಾ ಪತ್ರಿಕೆ ಓದುವವನಾಗಿ ಗೊತ್ತಿರಬೇಕಿತ್ತು. ಅಕ್ಕನ ಡಬ್ಬಿಯನ್ನು ಹುಟ್ಟಿದಾಗಿನಿಂದ ಅಲ್ಲದಿದ್ದರೂ ಬುದ್ಧಿ ಬಂದಾಗಿನಿಂದ ನೋಡಿದ್ದೇನೆ. ದಿನಾ ನೋಡುವ ವಸ್ತು ಏನೆಂದು ಯಾರು ಯೋಚಿಸುತ್ತಾರೆ? ಡಾಕ್ಟರು ಹೆಸರಿಟ್ಟು ಹೇಳಿದ್ದರಲ್ಲಿ ತಪಕೀರು ಇರಲಿಲ್ಲ. ಹೆಂಡತಿ ಮೂಸಿದ್ದು ಹೊಗೆಯ ವಾಸನೆಯನ್ನು. ಆ ಮನೆಯಲ್ಲಿ ತಪಕೀರಿನ ವಾಸನೆ ರೊಟ್ಟಿಯ ವಾಸನೆಯ ಹಾಗೆ ಯಾವಾಗಲೂ ಇರುವಂಥದ್ದು.

ತಮಾಷೆಯೆಂದರೆ ಸಿಗರೇಟಿನ ಚಪಲ ಹೂ ಎತ್ತಿದಷ್ಟು ಸುಲಭವಾಗಿ ಹೋಯಿತು. ನಾನು ಮೀಸೆ ತಿರುವಿದೆ. ಡ್ರೈವರುಗಳಿಗೆ ಭಾಷಣ ಶುರು ಮಾಡಿದೆ, "ಮನಸ್ಸು ಗಟ್ಟಿ ಇರಬೇಕ್ರಲೇ, ನನ್ನ ನೋಡ್ರಿ." ಹೆಂಡತಿ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಬದುಕಿನಲ್ಲಿ ಮೊದಲ ಸಲ ನನ್ನ ಬಗ್ಗೆ ಆಕೆ ಹೆಮ್ಮೆಯಿಂದ ಮಾತಾಡಿದ್ದು ಕೇಳಿ ನನಗೆ ಎದೆ ತುಂಬಿ ಬಂದಿತ್ತು.

ಪರೀಕ್ಷೆಯ ದಿನ ಇಬ್ಬರೂ ಹೊಸ ಬಟ್ಟೆ ಹಾಕಿಕೊಂಡು ಹೋದೆವು. ಡಾಕ್ಟರು ಕಾಗದ ನೋಡಿದರು, ನನ್ನನ್ನು ನೋಡಲಿಲ್ಲ, ಹೆಂಡತಿಗೆ ಹೇಳಿದರು.

"ನಿಕೋಟಿನ್ ಐತಿ. ಇವರು ಬಿಟ್ಟಿಲ್ಲ."

"ಇಲ್ರಿ ಡಾಕ್ಟ್ರ, ಒಂದೂ ಮುಟ್ಟಿಲ್ಲ," ಎಂದೆ ನಾನು.

"ನೀವು ಹೇಳಿದ್ದಕ್ಕಿಂತ ಇದು ಹೇಳಿದ್ದು ನನಗ ಖರೆ," ಎಂದು ಕಾಗದದ ಮೇಲೆ ಬೆರಳಿಟ್ಟರು. "ತಂಬಾಕ ಒಳಗ ಹೋಗದ ಇದು ಬರಂಗಿಲ್ಲ."

ಹೆಂಡತಿಯ ಮುಖದಿಂದ ರಕ್ತ ಇಳಿದು ಹೋಯಿತು. ಜವಾಬ್ದಾರಿ ನನ್ನದು ಎಂದವಳು ಆಕೆ. ಅಲ್ಲೇ ಕೈಮುಗಿದು ಇನ್ನೊಂದು ಅವಕಾಶ ಕೇಳಿದಳು. ಡಾಕ್ಟರು ಒಂದು ತಿಂಗಳು ಕೊಟ್ಟರು. ಆಟೋದಲ್ಲಿ ಮನೆಯವರೆಗೆ ಆಕೆ ನನ್ನ ಕಡೆ ತಿರುಗಲಿಲ್ಲ. ಮನೆಗೆ ಬಂದು ಹಂಚಿನ ಮುಂದೆ ನಿಂತು, ಅಕ್ಕನಿಗೂ ನನಗೂ ಕೇಳುವ ಹಾಗೆ ಹೇಳಿದಳು.

"ಇವರಿಗೆ ಯಾರೋ ತಂದು ಕೊಡಾಕತ್ತಾರ. ಯಾರರ ಇರಲಿ, ಡ್ರೈವರ್ ಇರಲಿ, ಬಂಧು ಇರಲಿ, ಗೊತ್ತಾದ ದಿನ ಈ ಮನಿ ಹೊಸ್ತಿಲಾ ತುಳಿಯಾಕ ಬಿಡಂಗಿಲ್ಲ. ನನ್ನ ಮಾತ ಮಾತ."

ಅಕ್ಕ ರೊಟ್ಟಿ ತಿರುವಿ ಹಾಕಿದಳು.

ಆ ತಿಂಗಳು ನಾನು ಮನುಷ್ಯರ ಹಾಗೆ ಬಾಳಲಿಲ್ಲ. ಹೆಂಡತಿ ಡ್ಯೂಟಿಗೆ ರಜೆ ಹಾಕಿಸಿದಳು. ಬಾಗಿಲು ದಾಟಿದರೆ ಹಿಂದೆ ಬರುತ್ತಿದ್ದಳು. ಗೆಳೆಯರು ಬಂದರೆ ಹೊರಗಿನಿಂದಲೇ ಕಳಿಸುತ್ತಿದ್ದಳು. ಸಂಡಾಸಿಗೆ ಹೋಗಿ ಬಂದರೆ ಒಳಗೆ ಹೋಗಿ ಮೂಸಿ ನೋಡುತ್ತಿದ್ದಳು. ಸೇದಿಲ್ಲ, ಸೇದಿಲ್ಲ ಎಂದು ದೇವರ ಜಗಲಿಯ ಮುಂದೆ ನಿಂತು ಆಣೆ ಮಾಡಿದೆ. "ದೇವರಿಗರ ಅಂಜ್ರಿ" ಎಂದಳು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಹೆಂಗಸು ಒಂದು ಕಾಗದದ ಮಾತು ಕೇಳಿ ನನ್ನನ್ನು ಕಳ್ಳನನ್ನಾಗಿ ಮಾಡಿದ್ದು ನನಗೆ ತಡೆಯಲಾಗಲಿಲ್ಲ. ಸಿಟ್ಟಿನಲ್ಲಿ ಒಮ್ಮೆ ತಾಟು ನೂಕಿದೆ. ಸಮಾಧಾನಕ್ಕೆ ನನಗಿದ್ದದ್ದು ಅಕ್ಕನ ಡಬ್ಬಿ ಒಂದೇ. ಮನೆಯಲ್ಲೇ ಇದ್ದೆನಲ್ಲ, ಹೆಂಡತಿ ರೊಟ್ಟಿ ಕೊಡಲು ಹೋದಾಗೆಲ್ಲ ಅಕ್ಕ ಮಾತಿಲ್ಲದೆ ಅದನ್ನು ನನ್ನ ಕಡೆ ಸರಿಸುತ್ತಿದ್ದಳು. ಮೊದಲಿಗಿಂತ ಹೆಚ್ಚೇ ಆಯಿತು.

ಎರಡನೆಯ ಪರೀಕ್ಷೆಯೂ ಹಾಗೇ ಬಂತು. ಈ ಸಲ ಇನ್ನೂ ಜಾಸ್ತಿ ಇದೆ ಎಂದರು ಡಾಕ್ಟರು.

"ಒಪ್ಪಿಕೊಂಡು ಬರ್ರಿ," ಎಂದರು. "ಸೇದಿದೆ, ತಪ್ಪಾತು, ಇನ್ನ ಬಿಡ್ತೀನಿ ಅನ್ನೋರಿಗೆ ನಾ ಇನ್ನೊಂದ ತಾರೀಕ ಕೊಡ್ತೀನಿ. ಸುಳ್ಳ ಹೇಳೋರ ಹೊಟ್ಟಿಗೆ ಚಾಕು ಹಚ್ಚಂಗಿಲ್ಲ. ನಾಳೆ ಊಟದ ಪಥ್ಯದಾಗೂ ಸುಳ್ಳ ಹೇಳ್ತಾರ, ಸತ್ತು ನನ್ನ ಹೆಸರ ಕೆಡಸ್ತಾರ."

ನಾನು ಒಪ್ಪಿಕೊಳ್ಳಲಿಲ್ಲ. ಮಾಡದ ತಪ್ಪನ್ನು ಯಾಕೆ ಒಪ್ಪಿಕೊಳ್ಳಲಿ? ಆಪರೇಷನ್ ಹೋದರೆ ಹೋಗಲಿ, ಗೋಡೆಗೆ ಒರಗಿ ನಿಂತು ಉಂಡು ಸಾಯುತ್ತೇನೆ, ಆದರೆ ಸೇದಿದೆ ಎಂದು ಮಾತ್ರ ಹೇಳುವುದಿಲ್ಲ ಎಂದು ಹಟ ಹಿಡಿದೆ. ಕಾಗದವೇ ತಪ್ಪು, ಲ್ಯಾಬಿನವರೇ ಅದಲು ಬದಲು ಮಾಡಿದ್ದಾರೆ, ನಿಲ್ದಾಣದ ಹೊಗೆ ನನ್ನೊಳಗೆ ಹೋಗಿದೆ, ಹೀಗೆ ಒಂದೊಂದು ದಿನ ಒಂದೊಂದು ಹೇಳಿದೆ. ಹೇಳಿದಷ್ಟೂ ಪಕ್ಕಾ ಸುಳ್ಳುಗಾರನಾಗುತ್ತ ಹೋದೆ.

ಅದೇ ವಾರ ಮುಂಡರಗಿಯಲ್ಲಿ ಹೆಂಡತಿಯ ಅಣ್ಣನ ಹೊಸ ಮನೆಯ ವಾಸ್ತುಶಾಂತಿ ಇತ್ತು. ಖಾನಾವಳಿಯ ರೊಟ್ಟಿ ನಿಲ್ಲಬಾರದೆಂದು ಅಕ್ಕ ಮನೆಯಲ್ಲಿ ಉಳಿದಳು. ಹಿಂದಿನ ದಿನವೇ ಹೋದೆವು. ಹೊಸ ಪ್ಯಾಂಟು ಹಾಕಿಕೊಂಡಿದ್ದೆ, ಪುಡಿಕೆ ಹಳೆಯದರಲ್ಲೇ ಉಳಿದಿತ್ತು. ಸಂಜೆಯ ಹೊತ್ತಿಗೆ ಕೈ ತಾನಾಗಿಯೇ ಖಾಲಿ ಜೇಬಿಗೆ ಹೋಗತೊಡಗಿತು. ಯಾರು ಮಾತಾಡಿಸಿದರೂ ಸಿಟ್ಟು. ಮರುದಿನ ಪೂಜೆಯ ಗಂಟೆಯ ಸಪ್ಪಳಕ್ಕೆ ತಲೆ ಒಡೆಯುವಂತಾಯಿತು. ಸಿಗರೇಟು ಬಿಟ್ಟ ಮೊದಲ ದಿನಗಳಲ್ಲಿ ಹೇಗಾಗಿತ್ತೋ ಹಾಗೇ, ಒಂದಿಷ್ಟೂ ಬೇರೆಯಲ್ಲ. ಸೇದಿ ಅಷ್ಟು ದಿನವಾದ ಮೇಲೆ ಇದೇನು ಎಂದು ನನಗೇ ಬೆರಗು. ಸಿಗರೇಟು ನೆನಪೂ ಆಗಲಿಲ್ಲ, ನೆನಪಾದದ್ದು ಅಕ್ಕನ ಬೆರಳು.

ಹೆಂಡತಿ ನೆಂಟರ ನಡುವೆ ಇದ್ದಾಗ ಹೊರಗೆ ಬಂದು, ನಿಲ್ದಾಣದ ಹತ್ತಿರ ಒಂದು ಅಂಗಡಿಯಲ್ಲಿ ತಪಕೀರು ಕೇಳಿದೆ. ಅಂಗಡಿಯವನು ಬೀಡಿಯ ಕಟ್ಟುಗಳನ್ನು ಸರಿಸಿ, ಅವುಗಳ ಹಿಂದಿನಿಂದ ಒಂದು ಚಿಕ್ಕ ಡಬ್ಬಿ ತೆಗೆದು ಮುಂದಿಟ್ಟ. ಅಕ್ಕ ತರಿಸುವ ಬಿಡಿ ಪುಡಿಯಲ್ಲ, ಕಂಪನಿಯ ಮಾಲು. ಅದರ ಮೇಲೆ ಕೊಳೆತ ಬಾಯಿಯ ಚಿತ್ರವಿತ್ತು. ನನ್ನ ಸಿಗರೇಟಿನ ಪ್ಯಾಕಿನ ಮೇಲೆ ವರ್ಷಗಟ್ಟಲೆ ನೋಡಿಯೂ ನೋಡದೆ ಇದ್ದಂಥದ್ದೇ ಚಿತ್ರ, ಕೆಳಗೆ ತಂಬಾಕಿನ ಬಗ್ಗೆ ಅದೇ ಎಚ್ಚರಿಕೆ.

ಡಬ್ಬಿ ಹಿಡಿದುಕೊಂಡು ನಿಂತೇ ಇದ್ದೆ.

"ಇದು ಬ್ಯಾಡೇನ್ರಿ? ಬಿಡಿದೂ ಐತಿ, ಎಲ್ಲಾ ಒಂದ ಮಾಲ್ರಿ," ಎಂದ ಅಂಗಡಿಯವನು.

ಬೇಡವೆಂದು ವಾಪಸು ಕೊಟ್ಟೆ. ನನಗೆ ಆಗ ಆದದ್ದು ದುಃಖವಲ್ಲ, ಸಂತೋಷ. ನಾನು ಸುಳ್ಳುಗಾರನಲ್ಲ! ಡಾಕ್ಟರೂ ಸುಳ್ಳಲ್ಲ, ಕಾಗದವೂ ಸುಳ್ಳಲ್ಲ, ನಾನೂ ಸುಳ್ಳಲ್ಲ. ಗದಗಿನ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ಹೆಂಡತಿಯ ಪಕ್ಕ ಕೂತು ಈ ಸುದ್ದಿಯನ್ನು ಬಾಯಲ್ಲಿ ಹಿಡಿದುಕೊಂಡು ಬಂದೆ. ಪರಿಚಯದ ಕಂಡಕ್ಟರ್ ಇದ್ದ, ಕಿವಿ ನಿಮಿರಿಸಿಕೊಂಡು ನಿಂತಿದ್ದ, ಅದಕ್ಕೇ ಸುಮ್ಮನಿದ್ದೆ. ಮನೆಗೆ ಹೋಗಿ ಹೇಳುತ್ತೇನೆ, ಆಕೆ ನಕ್ಕು ಬಿಡುತ್ತಾಳೆ, ಅಕ್ಕನೂ ನಗುತ್ತಾಳೆ, ತಪಕೀರು ಬಿಟ್ಟರೆ ಆಯಿತು ಎಂದು ಕನಸು ಕಟ್ಟಿದೆ. ಅಷ್ಟು ದಿನಗಳಲ್ಲಿ ಮೊದಲ ಬಾರಿ ಕಿಟಕಿಯ ಹೊರಗೆ ನೋಡಿ ಖುಷಿಪಟ್ಟೆ.

ಮನೆಯಲ್ಲಿ ಅಕ್ಕ ಸಂಜೆಯ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಹೆಂಡತಿ ಸೀರೆ ಬದಲಿಸಿ ಬಂದು ಕೂತಳು. ನಾನು ನಿಂತಲ್ಲೇ ಎಲ್ಲ ಹೇಳಿದೆ, ಒಸಡು ಬಾತದ್ದು, ಅಕ್ಕ ಹಚ್ಚಿದ್ದು, ರೂಢಿಯಾದದ್ದು, ಮುಂಡರಗಿಯ ಅಂಗಡಿಯ ಡಬ್ಬಿ. ಹೇಳುತ್ತ ಹೇಳುತ್ತ ಹೆಂಡತಿಯ ಮುಖ ಬಿಗಿಯಾದದ್ದನ್ನು ನೋಡಿದೆ. ಆಕೆ ನಗಲಿಲ್ಲ. ಅಕ್ಕನ ಕಡೆ ತಿರುಗಿದಳು.

"ಅಕ್ಕಾರ, ನೀವು ಕೊಡಾಕತ್ತಿದ್ರೇನ್ರಿ ಇವರಿಗೆ?"

ಹೊಸ್ತಿಲಿನ ಮಾತು ನನಗೆ ಆಗ ನೆನಪಾಯಿತು. ಅಕ್ಕನಿಗೆ ಅದು ಮರೆತೇ ಇರಲಿಲ್ಲ. ಆಕೆ ಹಿಟ್ಟಿನಿಂದ ಕೈ ತೆಗೆಯಲಿಲ್ಲ.

"ಇಲ್ಲವ್ವಾ," ಎಂದಳು. "ಗಂಡಸರಿಗೆ ಯಾರರ ತಪಕೀರ ಕೊಡ್ತಾರೇನು? ಅಂವ ನನ್ನ ಡಬ್ಬಿ ಎಂದೂ ಮುಟ್ಟಿಲ್ಲ."

"ಅಕ್ಕಾ!" ಎಂದೆ.

ಆಕೆ ನನ್ನ ಕಡೆ ನೋಡಲಿಲ್ಲ. ಹಿಟ್ಟನ್ನು ಒತ್ತಿ ಒತ್ತಿ ನಾದಿದಳು. ಆ ವಯಸ್ಸಿನ ಹೆಂಗಸಿನ ಕುತ್ತಿಗೆಯ ನರ ಅಷ್ಟು ಬಿಗಿದದ್ದನ್ನು ನಾನು ಎಂದೂ ನೋಡಿರಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ನನ್ನನ್ನು ಸಾಕಿದವಳು, ನನ್ನ ಬಾಯೊಳಗೆ ತನ್ನ ಬೆರಳು ಇಟ್ಟವಳು, ಎದುರಿಗೆ ಕೂತು ಇಲ್ಲ ಎನ್ನುತ್ತಿದ್ದಾಳೆ.

"ನಾಚಿಕಿ ಬರ್ಬೇಕು ನಿಮಗ," ಎಂದಳು ಹೆಂಡತಿ ನನಗೆ. "ಸಿಕ್ಕ ಬಿದ್ದ ಮ್ಯಾಲ ಆ ಬಡ ಜೀವದ ಮ್ಯಾಲ ಹಾಕ್ತೀರಿ?"

ಹಳೆಯ ಪ್ಯಾಂಟಿನ ಜೇಬಿನಲ್ಲಿ ಪುಡಿಕೆ ಇತ್ತು. ತಂದು ತೋರಿಸಬಹುದಿತ್ತು. ತೋರಿಸಿದರೆ ನಾನು ಗೆಲ್ಲುತ್ತಿದ್ದೆ. ಹೆಂಡತಿ ಆಡಿದ ಮಾತು ತಪ್ಪುವವಳಲ್ಲ, ತಪ್ಪಿದರೂ ಆ ಸುಳ್ಳನ್ನು ಮರೆಯುವವಳಲ್ಲ. ಇನ್ನು ಮೇಲೆ ಪ್ರತಿ ಸೀದ ರೊಟ್ಟಿಗೂ ಅಕ್ಕ ಅದೇ ಚುಚ್ಚುಮಾತು ಕೇಳಬೇಕಾಗುತ್ತಿತ್ತು. ಒಂದು ದಿನ ತಾನಾಗಿಯೇ ಟ್ರಂಕು ಎತ್ತಿಕೊಂಡು ನಿಲ್ದಾಣಕ್ಕೆ ಬರುತ್ತಿದ್ದಳು, ನಾನು ಮೈಕಿನಲ್ಲಿ ಶಿರಹಟ್ಟಿಯ ಬಸ್ಸು ಹೊರಡಲು ಸಿದ್ಧವಿದೆ ಎಂದು ಹೇಳಬೇಕಾಗುತ್ತಿತ್ತು. ಅಲ್ಲಿ ಆಕೆಯನ್ನು ಇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ನನಗೆ ಸಿಟ್ಟು ಇಳಿಯಲಿಲ್ಲ. ಇಳಿದಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟಿನಲ್ಲೇ, ಹಲ್ಲು ಕಚ್ಚಿಕೊಂಡೇ ಹೇಳಿದೆ.

"ಹೌದು. ಸೇದಿದೆ."

"ಎಲ್ಲೆ?"

"ಕಂಟ್ರೋಲ್ ರೂಮಿನ ಹಿಂದ."

"ಯಾರ ಕೊಟ್ರು?"

"ಯಾರೂ ಇಲ್ಲ. ನಾನ ತಗೊಂಡೆ."

"ರಜಾ ಹಾಕಿ ಮನ್ಯಾಗ ಇದ್ದಾಗ?"

ಅದಕ್ಕೂ ಒಂದು ಉತ್ತರ ಕಟ್ಟಬೇಕಾಯಿತು. ನೀನು ಖಾನಾವಳಿಗೆ ಹೋದಾಗ ಹಿತ್ತಲಲ್ಲಿ ಎಂದೆ. ಸೇದದ ಒಂದೊಂದು ಸಿಗರೇಟಿಗೂ ಜಾಗ, ಹೊತ್ತು, ನೆಪ ಎಲ್ಲವನ್ನೂ ಹೊಂದಿಸಿ ಕೊಟ್ಟೆ. ಆಕೆ ಕೇಳುತ್ತ ಹೋದಳು, ನಾನು ಸೇದುತ್ತ ಹೋದೆ. ಕೊನೆಗೆ ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮುಖ ಹಗುರಾಯಿತು.

"ಇಷ್ಟ ದಿನಕ್ಕ ಖರೆ ಹೇಳಿದ್ರಿ ನೋಡ್ರಿ," ಎಂದಳು. "ಮೊದಲ ಹೇಳಿದ್ರ ನಾ ಏನ ಕೊಲ್ತಿದ್ನೇನು? ನಾಳೆ ಡಾಕ್ಟರಿಗೆ ಫೋನ್ ಮಾಡ್ತೀನಿ. ತಾರೀಕ ಕೊಡ್ತಾರ. ಈಗ ನಿಮ್ಮ ಮ್ಯಾಲ ನಂಬಿಕಿ ಬಂತು ನನಗ."

ಎಷ್ಟೋ ವಾರಗಳ ನಂತರ ಆಕೆ ನನ್ನ ಕೈ ಮುಟ್ಟಿ, ಊಟಕ್ಕೆ ಬರ್ರಿ ಎಂದು ಕರೆದಳು. ಕುರ್ಚಿಯ ಮುಂದೆ ಸ್ಟೂಲ್ ಇಟ್ಟು ತಾಟು ಇಟ್ಟಳು. ಅಕ್ಕ ಹಂಚಿನಿಂದ ಬಿಸಿ ರೊಟ್ಟಿ ತೆಗೆದು ನನ್ನ ತಾಟಿಗೆ ಹಾಕಲು ಬಂದಳು. ಹಾಕಿ, ಬಗ್ಗಿದವಳು ಹಾಗೇ ನಿಂತಳು. ಆಗ ಮೊದಲ ಬಾರಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಹೆಂಡತಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಸೇದಬಾರದಾಗಿತ್ತು ತಮ್ಮಾ. ಆಕಿ ನಿನ್ನ ಸಲುವಾಗಿ ಎಷ್ಟ ನೊಂದಾಳ."

"ತಪ್ಪಾತು ಅಕ್ಕಾ," ಎಂದೆ.